ಬೆಂಚಿನ ಮೇಲೆ ಕೂತ ಪ್ರೋಗ್ರಾಮರುಗಳು: ಶಿರಸಿಯ ಒಂದು ಕಚೇರಿಯಲ್ಲಿ ಯುಎಕ್ಸ್‌ಗೆ ಬೆಲೆ ಬಂದ ಬಗೆ

ಅಡಿಕೆ ವಹಿವಾಟು ನಡೆಸುವ ಸಹಕಾರಿ ಸಂಘಗಳಿಗೆ ಮೊಬೈಲ್ ಆ್ಯಪ್ ಮತ್ತು ಲೆಕ್ಕದ ತಂತ್ರಾಂಶ ಮಾಡಿಕೊಡುವ ಶಿರಸಿಯ ಸಣ್ಣ ಕಚೇರಿಯೊಂದರಲ್ಲಿ ನಾನು ವಿನ್ಯಾಸದ ಕೆಲಸ ಮಾಡುತ್ತೇನೆ; ಯುಎಕ್ಸ್, ಅಂದರೆ ಬಳಸುವವರಿಗೆ ಆ್ಯಪ್ ಸುಲಭವಾಗುವಂತೆ ರೂಪಿಸುವುದು, ಅದರ ಮುಖ್ಯ ಭಾಗ. ಹತ್ತು ಹನ್ನೆರಡು ಜನರ ಈ ಕಚೇರಿಯಲ್ಲಿ ವಿನ್ಯಾಸವೆಂದರೆ ಬಣ್ಣ, ಲೋಗೊ ಮತ್ತು ಕೊನೆಯ ವಾರದ ಅಲಂಕಾರ ಎಂಬ ಭಾವನೆಯೇ ಬಹುಕಾಲ ಇತ್ತು. ಈಗ ಪ್ರೋಗ್ರಾಮರುಗಳು ಕೋಡ್ ಬರೆಯುವ ಮೊದಲೇ ಕಾಗದದ ಮೇಲೆ ಸ್ಕ್ರೀನ್ ಗೀಚಿಕೊಂಡು ನನ್ನ ಮೇಜಿನ ಬಳಿ ಬರುತ್ತಾರೆ. ಇದು ಆಗದ ಕೆಲಸವೆಂದು ಬೆಂಗಳೂರಿನ ಗೆಳೆಯರೂ ನಮ್ಮ ಮಾಲಕರೂ ಹೇಳಿದ್ದರಿಂದ, ಆದ ಬಗೆಯನ್ನು ಬರೆದಿಡುತ್ತಿದ್ದೇನೆ.

ಮೊದಲು ಫಲ ಕೊಡದವುಗಳನ್ನು ಹೇಳುತ್ತೇನೆ. ಸ್ಲೈಡುಗಳ ಉಪನ್ಯಾಸಕ್ಕೆ ಎಲ್ಲರೂ ತಲೆದೂಗಿ, ಮರುದಿನ ಹಳೆಯ ದಾರಿಗೇ ಹೋದರು. ಬೆಂಗಳೂರಿನಿಂದ ತರಬೇತುದಾರರನ್ನು ಕರೆಸಿ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುವ ಕಾರ್ಯಾಗಾರ ನಡೆಸಿದ್ದಕ್ಕೆ ಸುಮಾರು 35,000 ರೂಪಾಯಿ ಹೋಯಿತು; ಅದರಿಂದ ಒಂದು ಬಟನ್ನೂ ಬದಲಾಗಲಿಲ್ಲ, ಮತ್ತು ಆ ಮೊತ್ತವನ್ನು ಮಾಲಕರು ಎರಡು ವರ್ಷ ನನಗೆ ನೆನಪಿಸುತ್ತಲೇ ಇದ್ದರು. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ, ಬಳಸಲು ಎಷ್ಟು ಸುಲಭವೆಂದು ಬಳಕೆದಾರರನ್ನೇ ಕೇಳಿ ನೂರಕ್ಕೆ ಇಷ್ಟೆಂದು ಅಂಕ ಕೊಡುವ, ಹತ್ತು ಪ್ರಶ್ನೆಗಳ ಎಸ್‌ಯುಎಸ್ ಸಮೀಕ್ಷೆಯನ್ನೂ ಕನ್ನಡದಲ್ಲಿ ಮಾಡಿದೆವು. ಸರಾಸರಿ 68 ಎಂದು ಹೇಳುವ ಆ ಅಳತೆಯಲ್ಲಿ ನಮ್ಮ ಆ್ಯಪ್‌ಗೆ ತೊಂಬತ್ತರ ಹತ್ತಿರ ಬಂದಿತು! ಮನೆಗೆ ಬಂದವರು ಕೇಳಿದರೆ ‘ಚೊಲೋ ಇದ್ದು’ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅದೇ ಜನ ಅದೇ ವಾರ ತಮ್ಮ ಪಾವತಿಯ ವಿವರ ಸಿಗದೆ ಕಚೇರಿಗೆ ಫೋನು ಮಾಡಿದ್ದರು. ಪ್ರೋಗ್ರಾಮರುಗಳ ಕೈಗೆ ಆ ತೊಂಬತ್ತು ಸಿಕ್ಕಮೇಲೆ ನನ್ನ ಮಾತು ಇನ್ನಷ್ಟು ಹಗುರವಾಯಿತು.

ಫಲ ಕೊಟ್ಟದ್ದು ಒಂದು ಬೆಂಚು ಮತ್ತು ಒಂದು ನೋಟ್‌ಬುಕ್. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಮುಗಿದು ಫಸಲು ಪೇಟೆಗೆ ಬರುವ ದಿನಗಳಲ್ಲಿ, ಸಂಘವೊಂದರ ಅನುಮತಿ ಪಡೆದು, ಒಬ್ಬೊಬ್ಬರೇ ಪ್ರೋಗ್ರಾಮರನ್ನು ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂರಿಸಿದೆ. ಅವರು ಮಾತನಾಡಬಾರದು, ಬಳಕೆದಾರರ ಫೋನನ್ನು ಮುಟ್ಟಬಾರದು, ಕಂಡದ್ದನ್ನು ಮಾತ್ರ ಬರೆದುಕೊಳ್ಳಬೇಕು ಎಂಬುದು ಷರತ್ತು. ಆಗ ನಮ್ಮ ಆ್ಯಪ್ ತೆರೆದೊಡನೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳ ಕನಿಷ್ಠ, ಗರಿಷ್ಠ, ಸರಾಸರಿ ದರಗಳ ದೊಡ್ಡ ಕೋಷ್ಟಕ ಬರುತ್ತಿತ್ತು. ಬೆಳೆಗಾರನ ಸ್ವಂತ ಮಾರಾಟದ ಲೆಕ್ಕ ನಾಲ್ಕು ಸ್ಕ್ರೀನ್ ಒಳಗಿತ್ತು. ಹುಲೇಕಲ್ ಕಡೆಯ ಹಿರಿಯರೊಬ್ಬರು ಆ ಕೋಷ್ಟಕವನ್ನು ಬಹಳ ಹೊತ್ತು ಮೇಲೆ ಕೆಳಗೆ ಸರಿಸಿದರು, ಪಕ್ಕದಲ್ಲಿದ್ದ ಹುಡುಗನನ್ನು ‘ತಮಾ, ನನ್ನ ದುಡ್ಡು ಜಮಾ ಆತಾ ಇಲ್ಯಾ?’ ಎಂದು ಕೇಳಿದರು, ಉತ್ತರ ಬಾರದಿದ್ದಾಗ ಫೋನನ್ನು ಜೇಬಿಗೆ ಹಾಕಿ ಕೌಂಟರಿನ ಸಾಲಿನಲ್ಲಿ ನಿಂತರು. ಆ ಹುಡುಗನೇ ಕೋಷ್ಟಕವನ್ನು ಬರೆದವನು. ಷರತ್ತಿನಂತೆ ಸುಮ್ಮನೆ ಕೂತಿದ್ದ ಅವನು ಸಂಜೆ ಕಚೇರಿಗೆ ಬಂದು, ಮೊದಲ ಸ್ಕ್ರೀನ್ ಬದಲಿಸೋಣ ಎಂದು ತಾನಾಗಿಯೇ ಹೇಳಿದನು.

ಐದು ಬಳಕೆದಾರರನ್ನು ನೋಡಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ಯುಎಕ್ಸ್ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದದ್ದನ್ನು ಪ್ರೋಗ್ರಾಮರುಗಳಿಗೆ ಎಷ್ಟು ಸಲ ಹೇಳಿದರೂ ‘ಐದು ಜನ ಯಾವ ಲೆಕ್ಕ’ ಎನ್ನುತ್ತಿದ್ದರು. ಬೆಂಚಿನ ಮೇಲೆ ಮೂರನೆಯವರೂ ಅದೇ ಜಾಗದಲ್ಲಿ ಎಡವಿದ್ದನ್ನು ಕಣ್ಣಾರೆ ಕಂಡಮೇಲೆ ಆ ವಾದ ನಿಂತಿತು.

ನೋಟ್‌ಬುಕ್ ಮಾಲಕರಿಗಾಗಿ. ಬಂದ ಪ್ರತಿ ಫೋನ್ ಕರೆಯನ್ನೂ ಯಾವ ಸ್ಕ್ರೀನಿನಿಂದ ಹುಟ್ಟಿದ್ದೆಂದು ಗುರುತಿಸಿ, ಆ ಸ್ಕ್ರೀನಿನ ಹೆಸರಿಗೆ ಖರ್ಚು ಬರೆಯಲು ಆರಂಭಿಸಿದೆ. ವಹಿವಾಟಿನ ದಿನಗಳಲ್ಲಿ ದಿನಕ್ಕೆ ಅರವತ್ತರಷ್ಟು ಕರೆಗಳು ಬರುತ್ತಿದ್ದವು, ಒಂದಕ್ಕೆ ಐದು ನಿಮಿಷ ಹಿಡಿದರೆ ಗುಮಾಸ್ತರ ಸಂಬಳದಲ್ಲಿ ಏಳೆಂಟು ರೂಪಾಯಿ. ಹತ್ತರಲ್ಲಿ ಒಂದು ಕರೆ ಪ್ರೋಗ್ರಾಮರವರೆಗೆ ಹೋಗಿ ಅವರ ಇಪ್ಪತ್ತು ನಿಮಿಷ ತಿನ್ನುತ್ತಿತ್ತು, ಅದರ ಬೆಲೆ ಅರವತ್ತೈದು ಎಪ್ಪತ್ತು ರೂಪಾಯಿ. ಒಟ್ಟು ಕೂಡಿಸಿದರೆ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದು ಕೋಷ್ಟಕದ ಹೆಸರಿನಲ್ಲಿತ್ತು. ಬಣ್ಣದ ಬಗ್ಗೆ ಮಾತ್ರ ಅಭಿಪ್ರಾಯ ಹೇಳುತ್ತಿದ್ದ ಮಾಲಕರು ಆ ಪುಟವನ್ನು ಎರಡು ಸಲ ಓದಿದರು. ಕೊನೆಯ ಮಾರಾಟದ ದಿನಾಂಕ, ತೂಕ, ದರ, ಕಡಿತ, ಜಮಾ ಆದ ಮೊತ್ತ ಇವಿಷ್ಟನ್ನೇ ಮೊದಲ ಸ್ಕ್ರೀನಿಗೆ ತಂದಮೇಲೆ ಕರೆಗಳು ಮೂರರಲ್ಲಿ ಒಂದು ಪಾಲಿಗೆ ಇಳಿದವು. ಈ ಫಲವನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಏಕೆಂದರೆ ಬದಲಾವಣೆಯ ಕೋಡ್ ಒಂದು ವಾರದ್ದೂ ಆಗಿರಲಿಲ್ಲ.

ಬೆಂಚಿನ ರುಚಿ ಹತ್ತಿದಮೇಲೆ ಬೇರೆ ಪ್ರಯೋಗಗಳೂ ನಡೆದವು. ದೋಣಿಯ ಡೀಸೆಲ್ ಮತ್ತು ಐಸ್ ಖರ್ಚು ಬರೆದಿಡುವ ಆ್ಯಪ್ ಬೇಕೆಂದು ಕಾರವಾರದಿಂದ ಕೇಳಿಕೆ ಬಂದಾಗ, ಇಬ್ಬರು ಪ್ರೋಗ್ರಾಮರುಗಳು ತಾವೇ ಬೈತಖೋಲ ಬಂದರಿಗೆ ಹೋದರು. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ, ನೀರ ಹನಿಯನ್ನೇ ಸ್ಪರ್ಶವೆಂದು ತಿಳಿಯುತ್ತದೆ ಎಂಬುದು ಓದಿ ಗೊತ್ತಿತ್ತು; ಅಲ್ಲಿ ನಿಂತು ನೋಡಿದವರು ಬಟನ್ನುಗಳನ್ನು ಆಂಡ್ರಾಯ್ಡ್ ಮಾರ್ಗಸೂಚಿ ಹೇಳುವ ಕನಿಷ್ಠ ಅಳತೆಯಾದ 48 ಡಿಪಿಗಿಂತ (ಡಿಪಿ ಎಂದರೆ ಸ್ಕ್ರೀನಿನ ಮೇಲಿನ ಅಳತೆಯ ಒಂದು ಮಾನ) ಎಷ್ಟೋ ದೊಡ್ಡದು ಮಾಡಿಕೊಂಡು ಬಂದರು. ಬಿಳಿಯ ಮೇಲೆ ತೆಳು ಬೂದು ಅಕ್ಷರ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ಅಂತರಕ್ಕಿರುವ 4.5ಕ್ಕೆ 1ರ ಕನಿಷ್ಠ ಮಿತಿಯನ್ನು ದಾಟಿದ್ದರೂ ಕಡಲ ಬಿಸಿಲಿನಲ್ಲಿ ಕಾಣದೆಂದು ಅವರೇ ನನಗೆ ವರದಿ ಕೊಟ್ಟರು. ಆ ಆ್ಯಪ್‌ಗೆ ಹಣ ಕೂಡಿಬರಲಿಲ್ಲ, ಕೆಲಸ ಅಲ್ಲಿಗೇ ನಿಂತಿದೆ. ಆದರೆ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಕತ್ತರಿಸಿಹೋಗುವುದನ್ನು ಸಣ್ಣ ದೋಷವೆಂದು ವರ್ಷಗಟ್ಟಲೆ ಮುಂದೂಡಿದ್ದ ತಂಡ, ಅಲ್ಲಿಂದ ಬಂದ ಮೇಲೆ ಸಾಲಿನ ಎತ್ತರವನ್ನು ಎಲ್ಲ ಸ್ಕ್ರೀನುಗಳಲ್ಲಿಯೂ ಸರಿಪಡಿಸಿತು.

ಎರಡು ಸಂಗತಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ: ಬೆಂಚಿಗೆ ಮೊದಲು ಯಾರನ್ನು ಕರೆದೊಯ್ಯಬೇಕೆಂದು ಆರಿಸುವ ಬಗೆ, ಮತ್ತು ಹಿಂತಿರುಗುವಾಗ ಚಹಾ ಕುಡಿಯುತ್ತ ಅವರಿಗೆ ಕೇಳುವ ಪ್ರಶ್ನೆ. ಅವೇ ನನ್ನ ಕಸುಬು. ಉಳಿದ ಖರ್ಚು ಎಲ್ಲರ ಕೈಗೆಟಕುವಷ್ಟಿದೆ. ಬಸ್ಸು, ಚಹಾ, ತಿಂಡಿ ಸೇರಿ ಒಂದು ಸುಗ್ಗಿಗೆ ನಾಲ್ಕು ಸಾವಿರ ದಾಟಿಲ್ಲ. ಈ ವರ್ಷ ಮಾಲಕರು ಆ ಹಣವನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಬರೆದಿದ್ದಾರೆ, ಮತ್ತು ಚಾಲಿ ಪೇಟೆಗೆ ಬರುವ ಹೊತ್ತಿಗೆ ಲೆಕ್ಕಪತ್ರ ವಿಭಾಗದವರನ್ನೂ ಬೆಂಚಿಗೆ ಕರೆದೊಯ್ಯುವಂತೆ ತಾವೇ ಹೇಳಿದ್ದಾರೆ.