ಡಬ್ಬಿ ಕೊಳ್ಳುವ ಮೊದಲು ಬಕೆಟ್ ಬೋರಲು ಹಾಕಿ

ಕಸದಿಂದ ರಸ ತೆಗೆಯುವ ಹುಮ್ಮಸ್ಸು ಬಂದವರು ಮೊದಲು ಮಾಡುವ ಕೆಲಸ ಅಂದರೆ ಹೊಸ ಡಬ್ಬಿ ಕೊಳ್ಳುವುದು. ಸ್ವಲ್ಪ ತಡೆಯಿರಿ. ಒಂದು ವಾರ ದಿನಾ ರಾತ್ರಿ ಅಡುಗೆಮನೆಯ ಕಸದ ಬಕೆಟ್ಟನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿ, ಏನೇನು ಬಿತ್ತು ನೋಡಿ. ಮೂಗು ಮುಚ್ಚಿಕೊಂಡಾದರೂ ಸರಿ. ನಾನು ಮೊದಲ ಸಲ ಹೀಗೆ ನೋಡಿದಾಗ ಸಿಪ್ಪೆಗಿಂತ ಹೆಚ್ಚಾಗಿ ಇದ್ದದ್ದು ಮಿಕ್ಕ ಅನ್ನ, ಗಟ್ಟಿಯಾದ ಬ್ರೆಡ್ಡು, ಫ್ರಿಜ್ಜಿನ ಹಿಂದುಗಡೆ ಮರೆತು ಕೊಳೆತ ಸೊಪ್ಪು. ನನಗೆ ಬೇಕಿದ್ದದ್ದು ಗೊಬ್ಬರದ ಡಬ್ಬಿಯಲ್ಲ, ಕೈಯಲ್ಲೊಂದು ಅಳತೆ. ಇದು ನನ್ನೊಬ್ಬಳ ಕತೆಯೂ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದಂತೆ, 2022ರಲ್ಲಿ ಜಗತ್ತು ಎಸೆದ ಆಹಾರ, ಸಿಪ್ಪೆ ಮೂಳೆ ಸೇರಿ, ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಹೋಟೆಲ್ಲಿನದೂ ಅಲ್ಲ, ಅಂಗಡಿಯದೂ ಅಲ್ಲ, ಮನೆಗಳದ್ದು. ತಿನ್ನಬಹುದಾದದ್ದನ್ನು ಬಕೆಟ್ಟಿಗೆ ಬೀಳದಂತೆ ನೋಡಿಕೊಂಡ ಮೇಲೂ ಸಿಪ್ಪೆ, ಟೀ ಚರಟ, ಕರಿದ ಎಣ್ಣೆ, ಹಳೇ ಬಟ್ಟೆ ಉಳಿದೇ ಉಳಿಯುತ್ತವೆ. ನಾನು ಹೇಳಹೊರಟಿರುವುದು ಅವುಗಳ ಬಗ್ಗೆ.

ಗೊಬ್ಬರದ ಮಾತು ಮೊದಲು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ತಳಕ್ಕೂ ಪಕ್ಕಕ್ಕೂ ತೂತು ಹೊಡೆದ ಎರಡು ಹಳೇ ಬಕೆಟ್ ಸಾಕು. ಒಂದು ತುಂಬಿ ಮಾಗುತ್ತಿರುವಾಗ ಇನ್ನೊಂದು ತುಂಬುತ್ತಿರಲಿ. ತಳಕ್ಕೆ ನಾಲ್ಕು ಕಡ್ಡಿಪುಳ್ಳೆ, ಅದರ ಮೇಲೆ ಒಣ ಎಲೆ. ಆಮೇಲೆ ಒಂದು ಹಿಡಿ ಹಸಿ ಕಸ ಬಿದ್ದಾಗಲೆಲ್ಲ ಎರಡು ಹಿಡಿ ಒಣ ಕಸ ಬೀಳಬೇಕು. ಒಣ ಎಲೆ, ಹರಿದ ರಟ್ಟು, ಮೊಟ್ಟೆ ಇಟ್ಟು ಕೊಡುವ ಕಾಗದದ ಟ್ರೇ, ಹೊಳಪಿಲ್ಲದ ಪೇಪರು, ಯಾವುದಾದರೂ ಆದೀತು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದನ್ನೇ ಹಾಕುತ್ತಾ ಹೋದರೆ ಊಟಕ್ಕೆ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ.

ನಾನು ಕೆಟ್ಟದ್ದೂ ಇಲ್ಲೇ. ಮೊದಲ ವರ್ಷ ಅಡುಗೆಮನೆಯಿಂದ ಬಂದದ್ದನ್ನೆಲ್ಲ ಸುರಿದು, ನೊಣ ಬರದಿರಲಿ ಎಂದು ಮುಚ್ಚಳವನ್ನು ಬಿಗಿಯಾಗಿ ಒತ್ತಿಬಿಟ್ಟಿದ್ದೆ. ಇಪ್ಪತ್ತು ದಿನಕ್ಕೆ ಎದ್ದ ನಾತಕ್ಕೆ ಪಕ್ಕದ ಮನೆಯವರು ಚರಂಡಿ ಒಡೆದಿದೆ ಅಂದುಕೊಂಡರು. ಎಲ್ಲವನ್ನೂ ಹೊರಗೆ ಸುರಿದು, ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಚೂರು ಮಾಡಿ ಕಲಸಿ, ಸಡಿಲವಾಗಿ ವಾಪಸ್ಸು ತುಂಬಿದೆ. ಐದನೇ ದಿನಕ್ಕೆ ನಾತ ಇರಲಿಲ್ಲ. ಅಂದಿನಿಂದ ನನಗೆ ಮೂಗೇ ಮಾಪಕ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಕೆದಕಬೇಕು. ಮೂತ್ರದ ಹಾಗೆ ಮೂಗಿಗೆ ಚುರುಕ್ ಎಂದರೆ ಅದು ಅಮೋನಿಯಾ, ಹಸಿ ಹೆಚ್ಚಾಗಿದೆ, ಒಣದ್ದು ಹಾಕಬೇಕು. ಯಾವ ವಾಸನೆಯೂ ಇಲ್ಲದೆ ತಿಂಗಳಾದರೂ ಸಿಪ್ಪೆ ಸಿಪ್ಪೆಯಾಗಿಯೇ ಇದ್ದರೆ ನೀರು ಸಾಲದು.

ನೀರಿನ ಹದಕ್ಕೂ ಕೈಯೇ ಸಾಕು. ಮಧ್ಯದಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಸರಿ. ಧಾರೆ ಇಳಿದರೆ ಹೆಚ್ಚು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲದೆ ಪುಡಿಪುಡಿಯಾಗಿ ಉದುರಿದರೆ ಕಡಿಮೆ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಅದು ನಿಮ್ಮ ಕೆಲಸವನ್ನೇ ಮಾಡುತ್ತಿದೆ.

ಮಾಂಸ, ಮೀನು, ಎಣ್ಣೆ ಪಸೆಯ ಮುಸುರೆ, ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಇವನ್ನು ಬಕೆಟ್ಟಿಗೆ ಹಾಕಬೇಡಿ. ಒಂದು ಮೀಟರ್ ಉದ್ದ ಅಗಲ ಎತ್ತರದ ರಾಶಿಯಾದರೆ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿ ಕಳೆಬೀಜವೂ ಬಹಳಷ್ಟು ರೋಗಾಣುಗಳೂ ಸಾಯುತ್ತವೆ. ಬಕೆಟ್ಟಿಗೆ ಅಷ್ಟು ಬಿಸಿ ಹಿಡಿದಿಡುವ ಮೈಯಿಲ್ಲ. ಹಣ್ಣಿನ ಮೇಲಿನ ಸ್ಟಿಕ್ಕರನ್ನೂ ಕಿತ್ತು ಹಾಕಿ. ನನ್ನ ಬಕೆಟ್ಟಿನಲ್ಲಿ ಸೇಬು ಹೋಗಿ ಕಪ್ಪು ಮಣ್ಣಾದ ಮೇಲೂ ಅದರ ಸ್ಟಿಕ್ಕರು ಅಂಗಡಿಯಿಂದ ಈಗ ಬಂದಂತೆ ಹೊಳೆಯುತ್ತಿತ್ತು. ಕೆಲವು ಟೀ ಬ್ಯಾಗುಗಳಲ್ಲೂ ಪ್ಲಾಸ್ಟಿಕ್ ಎಳೆ ಇರುತ್ತದೆ. ಹರಿದು ಒಳಗಿನ ಚರಟ ಮಾತ್ರ ಹಾಕುವುದು ಒಳ್ಳೆಯದು.

ಮೂರ್ನಾಲ್ಕು ತಿಂಗಳಿಗೆ ಅದು ಮಳೆ ಬಿದ್ದ ಮಣ್ಣಿನಂತೆ ಘಮ್ಮೆನ್ನುತ್ತದೆ. ಮಣ್ಣಿನ ಆ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು, ಇಲ್ಲೂ ಅದೇ. ಅನುಮಾನ ಇದ್ದರೆ ಒಂದು ಹಿಡಿಯನ್ನು ಒದ್ದೆ ಮಾಡಿ ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ನಾರಿದರೆ ಇನ್ನೂ ಮಾಗಿಲ್ಲ. ಮಾಗಿದ್ದನ್ನೂ ಬರೀ ಗೊಬ್ಬರವಾಗಿ ಕುಂಡಕ್ಕೆ ತುಂಬಬೇಡಿ, ಒಂದು ಪಾಲಿಗೆ ಮೂರು ಪಾಲು ಮಣ್ಣು ಬೆರೆಸಿ.

ಇನ್ನು ಕಿತ್ತಳೆ, ನಿಂಬೆ ಸಿಪ್ಪೆ. ಎಲ್ಲರೂ ಬಯೋ ಎಂಜೈಮ್ ಎಂದು ಹೇಳುವುದು ಇದನ್ನೇ. 100 ಗ್ರಾಂ ಸಕ್ಕರೆ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು, ಮೂರು ತಿಂಗಳು. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕಾಲು ಭಾಗ ಖಾಲಿ ಬಿಡಿ, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ತಿರುಗಿಸಿ ಗಾಳಿ ಬಿಡಿ. ನಾನು ಚಂದ ಕಾಣಲಿ ಎಂದು ಗಾಜಿನ ಬಾಟಲಿಯಲ್ಲಿ ಇಟ್ಟಿದ್ದೆ. ಎರಡು ದಿನ ಮರೆತದ್ದಕ್ಕೆ ನಡುರಾತ್ರಿ ಒಡೆದು ಅಂಟು ನೀರೂ ಗಾಜೂ ಅಡುಗೆಮನೆ ತುಂಬಾ. ಇದರ ಹೆಸರು ದೊಡ್ಡದು, ಕೆಲಸ ಮಾತ್ರ ವಿನಿಗರಿನದು: ಸಕ್ಕರೆ ಮೊದಲು ಆಲ್ಕೋಹಾಲ್ ಆಗುತ್ತದೆ, ಆಮೇಲೆ ಹುಳಿಯಾಗುತ್ತದೆ. ಆದ್ದರಿಂದ ಸಕಲ ರೋಗಾಣು ಕೊಲ್ಲುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ನಲ್ಲಿಯ ಮೇಲಿನ ಬಿಳಿ ಉಪ್ಪಿನ ಕಲೆಗೆ, ಸಿಂಕಿಗೆ, ಕಿಟಕಿ ಗಾಜಿಗೆ ಚೆನ್ನಾಗಿದೆ. ನಿಜ ಹೇಳಬೇಕೆಂದರೆ ಮೂರು ತಿಂಗಳು ಕಾಯುವ ತಾಳ್ಮೆ ನನಗೀಗ ಇಲ್ಲ. ಸಿಪ್ಪೆಯನ್ನು ಬಿಳಿ ವಿನಿಗರಿನಲ್ಲಿ ಎರಡು ವಾರ ನೆನೆಸಿ, ಸೋಸಿ, ಅಷ್ಟೇ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬುತ್ತೇನೆ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಜಿಡ್ಡು ಕರಗಿಸುತ್ತದೆ, ವಿನಿಗರಿನ ಘಾಟನ್ನೂ ಕೊಂಚ ಮುಚ್ಚುತ್ತದೆ.

ಎರಡರಲ್ಲಿ ಯಾವುದನ್ನೇ ಆಗಲಿ ಅಮೃತಶಿಲೆಯ ಮೇಲೆ ಹಾಕಬೇಡಿ. ಕಲೆಯೂ ಸುಣ್ಣ, ಕಲ್ಲೂ ಸುಣ್ಣ, ಹುಳಿಗೆ ಭೇದ ಗೊತ್ತಾಗುವುದಿಲ್ಲ, ಹೊಳಪು ಹೋಗುತ್ತದೆ. ಬ್ಲೀಚಿನ ಜೊತೆ ಬೆರೆಸಲಂತೂ ಬೇಡವೇ ಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ದಿನ ಎರಡನ್ನೂ ಬಳಸುವುದಾದರೆ ನಡುವೆ ಧಾರಾಳವಾಗಿ ನೀರು ಸುರಿದು ತೊಳೆಯಿರಿ.

ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಚರಂಡಿಯೊಳಗೆ ಸಿಕ್ಕ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ, ಸುಮಾರು 130 ಟನ್ ತೂಕ. ಎಣ್ಣೆ, ಜಿಡ್ಡು, ಒದ್ದೆ ಟಿಶ್ಯೂ ಎಲ್ಲ ಸೇರಿ ಕಲ್ಲಾಗಿತ್ತು. ಅದು ಸುರುವಾದದ್ದು ಇಂಥ ಸಿಂಕುಗಳಿಂದಲೇ ಅಲ್ಲವೇ? ಆ ಎಣ್ಣೆಯಿಂದ ನಾನು ಬಟ್ಟೆ, ಪಾತ್ರೆ ತೊಳೆಯುವ ಸೋಪು ಮಾಡುತ್ತೇನೆ, ಮೈಗೆ ಹಚ್ಚುವುದಿಲ್ಲ. ಬಟ್ಟೆಯಲ್ಲಿ ಸೋಸಿದ ಒಂದು ಕಿಲೋ ಸೂರ್ಯಕಾಂತಿ ಎಣ್ಣೆಗೆ ಸುಮಾರು 129 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ, 300 ಗ್ರಾಂ ನೀರು. ತೆಂಗಿನೆಣ್ಣೆಯಾದರೆ ಸೋಡಾ ಸುಮಾರು 174 ಗ್ರಾಂ, ಪ್ರತಿ ಎಣ್ಣೆಗೂ ಅಂಕಿ ಬೇರೆ. ಚಮಚದ ಲೆಕ್ಕ ಇಲ್ಲಿ ನಡೆಯದು, ತಕ್ಕಡಿಯೇ ಬೇಕು.

ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿ, ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿಯೇ ಕೂರಬೇಕು. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ನೀರನ್ನು ಸೋಡಾಕ್ಕೆ ಎಂದೂ ಸುರಿಯಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಆದರೆ ಸೋಡಾ ಅದನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ. ಎರಡೂ ಉಗುರುಬೆಚ್ಚಗಾದ ಮೇಲೆ ಸೋಡಾ ನೀರನ್ನು ಎಣ್ಣೆಗೆ ಸುರಿದು ತಿರುವುತ್ತಾ ಹೋಗಿ. ಸೌಟಿನಿಂದ ಬಿದ್ದ ಹನಿ ತಕ್ಷಣ ಮುಳುಗದೆ ಮೇಲೆ ಗೆರೆಯಾಗಿ ಒಂದು ಕ್ಷಣ ನಿಂತರೆ ಅಚ್ಚಿಗೆ ಹೊಯ್ಯುವ ಹೊತ್ತು. ಮರುದಿನವೋ ಅದರ ಮಾರನೆಯ ದಿನವೋ ಕತ್ತರಿಸಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಿಸಿ. ಇದೆಲ್ಲ ಕಿರಿಕಿರಿ ಅನ್ನಿಸಿದರೆ ಎಣ್ಣೆಯನ್ನು ಬಾಟಲಿಗೆ ತುಂಬಿ, ಸಂಗ್ರಹಿಸುವವರಿಗೆ ಕೊಟ್ಟುಬಿಡಿ. ಅದರಿಂದ ಬಯೋಡೀಸೆಲ್ ಮಾಡುತ್ತಾರೆ. ಅರೆಮನಸ್ಸಿನಲ್ಲಿ ಮಾಡುವ ಕೆಲಸ ಇದಲ್ಲ.

ಮೊಟ್ಟೆ ಚಿಪ್ಪಿನಲ್ಲಿ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮುರಿದು ಎಸೆದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಹಾಗೇ ಬಿದ್ದಿರುತ್ತದೆ, ಒಣಗಿಸಿ ಮಿಕ್ಸಿಗೆ ಹಾಕಿ ಹಿಟ್ಟಿನಂತೆ ಮಾಡಿದರೆ ಉಪಯೋಗ. ಟೊಮೆಟೊ ತಳ ಕಪ್ಪಾದ ಕೂಡಲೇ ಚಿಪ್ಪಿನ ಪುಡಿ ಸುರಿಯುತ್ತಾರೆ. ಬಹಳ ಸಲ ತಪ್ಪು ನೀರು ಹಾಕುವುದರಲ್ಲಿರುತ್ತದೆ: ಒಂದು ದಿನ ಪ್ರವಾಹ, ನಾಲ್ಕು ದಿನ ಬರಗಾಲ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿನ ಮಹಿಮೆಯ ಬಗ್ಗೆ ಕೇಳಿ ಕೇಳಿ ಸಾಕಾಗಿದೆ. ಸಾರದ ಬಹುಪಾಲು ಸಿಪ್ಪೆಯಲ್ಲೇ ಉಳಿದಿರುತ್ತದೆ, ಹೆಚ್ಚಿ ಗೊಬ್ಬರಕ್ಕೆ ಹಾಕಿ. ಕಾಫಿ ಚರಟವನ್ನು ಕುಂಡದ ಮೇಲೆ ದಪ್ಪಗೆ ಹರವಿದರೆ ಹೆಪ್ಪುಗಟ್ಟಿ ನೀರು ಕೆಳಗಿಳಿಯಲು ಬಿಡುವುದಿಲ್ಲ. ಅದೂ ಗೊಬ್ಬರಕ್ಕೇ.

ಹಳೇ ಬಟ್ಟೆಯಲ್ಲಿ ಒರೆಸಲು ಆಗಿಬರುವುದು ಹತ್ತಿ ಮಾತ್ರ. ಪಾಲಿಯೆಸ್ಟರ್ ನೀರನ್ನು ಹೀರದೆ ಅತ್ತಿಂದಿತ್ತ ತಳ್ಳುತ್ತದೆ. ಒಂದು ಟೀ ಶರ್ಟಿನಲ್ಲಿ ಎಂಟು ಒರೆಸುವ ಬಟ್ಟೆ ಬರುತ್ತದೆ, ಅಂಚು ಹೊಲಿಯುವುದೂ ಬೇಡ. ಮರಕ್ಕೆ ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಪೂರ್ತಿ ಒಣಗಿಸಿ. ಜಿಡ್ಡು ಬಣ್ಣ ಮೆತ್ತದ ಹತ್ತಿ ಬಟ್ಟೆ ಸವೆದು ಜಾಳಾದ ಮೇಲೆ ಚೂರು ಮಾಡಿ ಗೊಬ್ಬರದ ಬಕೆಟ್ಟಿಗೆ ಹಾಕುತ್ತೇನೆ, ಒಣ ಕಸದ ಲೆಕ್ಕಕ್ಕೆ. ಬಟ್ಟೆ ಮಣ್ಣಾಗುತ್ತದೆ, ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್ ಆದ್ದರಿಂದ ಉಳಿಯುತ್ತದೆ. ಜರಡಿ ಹಿಡಿದಾಗ ತೋಳಿನ ಸುತ್ತಳತೆಯ ದಾರದ ಬಳೆಗಳು ಸಿಗುತ್ತವೆ. ಎಳೆದು ತೆಗೆದುಬಿಡಿ.