ಸೆಲ್ಫ್ ತಿರುಗ್ತಿಲ್ವಾ? ಹೊಸ ಬ್ಯಾಟರಿ ತರೋ ಮುಂಚೆ ಟರ್ಮಿನಲ್ ಬಿಚ್ಚಿ ನೋಡಿ

ಮಳೆಗಾಲ ಬಂತಂದ್ರೆ ಮಂಗಳೂರು, ಉಡುಪಿ, ಕಾರವಾರದ ಕಡೆ ಇದು ಮಾಮೂಲಿ ಕಂಪ್ಲೇಂಟು. ಬೆಳಗ್ಗೆ ಕೀ ತಿರುಗಿಸಿದ್ರೆ ‘ಟಕ್’ ಅಂತ ಒಂದೇ ಸದ್ದು, ಡ್ಯಾಶ್‌ಬೋರ್ಡ್ ಲೈಟು ಮಂಕಾಗತ್ತೆ, ಎಂಜಿನ್ ಮಾತ್ರ ಅಲ್ಲಾಡಲ್ಲ. ನೋಡಿದವರೆಲ್ಲ ಬ್ಯಾಟರಿ ಹೋಗಿದೆ ಅಂತಾರೆ, ನಾವೂ ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸ್ತೀವಿ, ಗಾಡಿ ಸ್ಟಾರ್ಟ್ ಆಗತ್ತೆ. ಆದ್ರೆ ಎಷ್ಟೋ ಸಲ ಗಾಡಿ ಸರಿಹೋಗೋದು ಬ್ಯಾಟರಿ ಬದಲಾಯಿಸಿದ್ದಕ್ಕಲ್ಲ, ಬದಲಾಯಿಸೋವಾಗ ಟರ್ಮಿನಲ್ (ಬ್ಯಾಟರಿ ಕಂಬಕ್ಕೆ ಕೇಬಲ್ ಸೇರೋ ಜಾಗ) ಬಿಚ್ಚಿ ಉಜ್ಜಿ ವಾಪಸ್ ಟೈಟ್ ಮಾಡಿದ್ದಕ್ಕೆ.

‘ಹೆಡ್‌ಲೈಟ್ ಚೆನ್ನಾಗಿ ಉರೀತಿದೆ, ಅಂದ್ಮೇಲೆ ಕನೆಕ್ಷನ್ ಸರಿ ಇದೆ’ ಅಂತ ಸುಮಾರು ಜನ ಅಂದ್ಕೊಳ್ತಾರೆ, ಅದು ಲೆಕ್ಕಕ್ಕೆ ಬರಲ್ಲ. 55 ವ್ಯಾಟಿನ ಒಂದು ಬಲ್ಬು ಎಳೆಯೋದು 5 ಆಂಪಿಯರ್‌ಗಿಂತ ಕಮ್ಮಿ, ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟರ್ ಸಣ್ಣ ಕಾರಲ್ಲೇ 100ರಿಂದ 200 ಆಂಪಿಯರ್ ಎಳೆಯತ್ತೆ. ಟರ್ಮಿನಲ್ ಮೇಲೆ ಕೂತ ಕಿಲುಬಿನಿಂದ ಬರೀ 0.01 ಓಮ್ ಅಡ್ಡಿ ಆದ್ರೂ 150 ಆಂಪಿಯರ್ ಹರಿಯೋವಾಗ ಅಲ್ಲೇ ಒಂದೂವರೆ ವೋಲ್ಟ್ ತಿಂದು ಹೋಗತ್ತೆ. ಅಂಥ ಒಂದೆರಡು ಜಾಗ ಇದ್ರೆ ಮುಗೀತು, ಸೆಲ್ಫಿಗೆ ಬೇಕಾದ ಜೋರು ಸಿಗಲ್ಲ, ಲೈಟು ಮಾತ್ರ ಆರಾಮಾಗಿ ಉರೀತಿರತ್ತೆ.

ಹಾಗಾಗಿ ಮೊದ್ಲು ಅಳೀರಿ. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು, ಎಲೆಕ್ಟ್ರಿಕಲ್ ಅಂಗಡೀಲಿ ಸಿಗತ್ತೆ. ರಾತ್ರಿಯಿಡೀ ನಿಂತ ಗಾಡೀಲಿ ಬ್ಯಾಟರಿ 12.6 ವೋಲ್ಟ್ ಹತ್ರ ತೋರಿಸಿದ್ರೆ ಫುಲ್ ಚಾರ್ಜ್, 12.4 ಇದ್ರೂ ನಡೆಯತ್ತೆ, 12ಕ್ಕಿಂತ ಕೆಳಗೆ ಇದ್ರೆ ಮೊದ್ಲು ಚಾರ್ಜ್ ಹಾಕಿ ಆಮೇಲೆ ಮುಂದಿನ ಮಾತು. ಚಾರ್ಜ್ ಸರಿ ಇದೆ ಅಂತಾದ್ರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದನ್ನ ಹಿಡಿದಿರೋ ಕ್ಲ್ಯಾಂಪ್ ಮೇಲೆ ಒತ್ತಿ ಹಿಡಿದು, ಗಾಡಿ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಅಂತ ನೋಡ್ಕೊಂಡು ಇನ್ನೊಬ್ಬರ ಕೈಲಿ ಕೀ ತಿರುಗಿಸಿಸಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರೋದ್ರಿಂದ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸ್ಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂತಂದ್ರೆ ಕಳ್ಳ ಅಲ್ಲೇ ಇದ್ದಾನೆ. ಪ್ಲಸ್, ಮೈನಸ್ ಎರಡೂ ಕಡೆ ಹೀಗೇ ನೋಡಿ.

ಈಗ ಕ್ಲೀನಿಂಗ್. ಗಾಡಿ ಆಫ್ ಮಾಡಿ, ಗ್ಲೌಸ್ ಹಾಕ್ಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ, ಬ್ಯಾಟರೀಲಿರೋದು ಸಲ್ಫ್ಯೂರಿಕ್ ಆಸಿಡ್. ಬೀಡಿ, ಬೆಂಕಿ ಹತ್ರಕ್ಕೂ ಬರಬಾರದು, ಯಾಕಂದ್ರೆ ಹೈಡ್ರೋಜನ್ ಗ್ಯಾಸ್ ಇರತ್ತೆ. 10 ನಂಬರ್ ಸ್ಪ್ಯಾನರ್ ತಗೊಂಡು *ಮೈನಸ್ ಮೊದ್ಲು* ಬಿಚ್ಚಿ. ಇದನ್ನ ಮರೀಬೇಡಿ, ಪ್ಲಸ್ ಮೊದ್ಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ನೇರ ಶಾರ್ಟ್ ಆಗಿ ಕಿಡಿ ಹಾರತ್ತೆ, ಕೈ ಸುಡತ್ತೆ. ಬಿಳಿ ಪುಡಿ, ಕೇಬಲ್ ತುದೀಲಿ ಹಳೇ ತಾಮ್ರದ ಚೊಂಬಿನ ಮೇಲೆ ಬರೋ ಥರದ ಹಸಿರು-ನೀಲಿ ಕಿಲುಬು, ಇದೆಲ್ಲ ಕಂಡ್ರೆ ಒಂದು ಲೋಟ ಬೆಚ್ಚನೆ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಶ್‌ನಲ್ಲಿ ಹಚ್ಚಿ, ಬುಸ್ಸಂತ ನೊರೆ ಬರತ್ತೆ. ನೊರೆ ನಿಲ್ಲೋವರೆಗೂ ಉಜ್ಜಿ, ನೀರಲ್ಲಿ ತೊಳೆದು ಒಣಬಟ್ಟೇಲಿ ಒರೆಸಿ. ಬ್ಯಾಟರಿ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋದ್ರೆ ಆಸಿಡ್ ಕೆಡತ್ತೆ.

ಸುಮಾರು ಜನ ಇಲ್ಲಿಗೇ ನಿಲ್ಲಿಸ್ತಾರೆ, ನಿಲ್ಲಿಸಬೇಡಿ. ಕ್ಲ್ಯಾಂಪ್ ತೆಗೆದ್ಮೇಲೆ ಕಂಬವನ್ನ ಹತ್ತಿರದಿಂದ ನೋಡಿ, ಪುಡಿ ಏನೂ ಇರಲ್ಲ, ಆದ್ರೆ ಸುತ್ತಲೂ ಕಪ್ಪು-ಕಂದು ಬಣ್ಣದ ತೆಳು ಪದರ ಕೂತಿರತ್ತೆ, ಹೊರಗಿಂದ ಅದು ಕಾಣೋದೇ ಇಲ್ಲ. ಕರೆಂಟ್ ತಡೆಯೋದು ಅದೂ ಹೌದು. ಎಮರಿ ಪೇಪರ್‌ನಲ್ಲಿ ಕಂಬನೂ ಕ್ಲ್ಯಾಂಪಿನ ಒಳಮೈನೂ ಬೆಳ್ಳಗೆ ಹೊಳೆಯೋವರೆಗೆ ಉಜ್ಜಿ. ವಾಪಸ್ ಹಾಕೋವಾಗ ಪ್ಲಸ್ ಮೊದ್ಲು, ಮೈನಸ್ ಕೊನೆಗೆ. ಕೈಯಲ್ಲಿ ತಿರುಗಿಸಿದ್ರೆ ಅಲ್ಲಾಡಬಾರದು ಅಷ್ಟು ಟೈಟ್ ಸಾಕು, ಸುತ್ತಿಗೇಲಿ ಬಡಿಯೋದು ಬೇಡವೇ ಬೇಡ, ಸೀಸ ಮೆತ್ತಗಿರತ್ತೆ. ಟೈಟ್ ಮಾಡಿದ್ಮೇಲೆ ಮೇಲಿಂದ ವ್ಯಾಸಲೀನ್ ಸವರಿ, ಗಾಳಿ ತೇವ ಹತ್ರ ಬರಲ್ಲ.

ಇಷ್ಟಾದ್ರೂ ಸ್ಟಾರ್ಟ್ ಆಗ್ಲಿಲ್ವಾ? ಅರ್ತ್ ನೋಡಿ, ಅಂದ್ರೆ ಬ್ಯಾಟರಿ ಮೈನಸ್ಸು ಬಾಡಿಗೂ ಎಂಜಿನ್ನಿಗೂ ಸೇರೋ ಕನೆಕ್ಷನ್. ಕರಾವಳಿ ಗಾಡಿಗಳಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೇ, ಆದ್ರೆ ಇದು ಕಣ್ಣಿಗೆ ಬೀಳಲ್ಲ ಅಂತ ಯಾರೂ ಮುಟ್ಟಲ್ಲ. ಮೈನಸ್ ಕೇಬಲ್ ಹಿಡ್ಕೊಂಡು ಹೋದ್ರೆ ಅದು ಬಾಡಿಗೋ ಗೇರ್‌ಬಾಕ್ಸಿಗೋ ಬೋಲ್ಟ್ ಆಗಿರತ್ತೆ, ಎಂಜಿನ್ನಿಗೂ ಬಾಡಿಗೂ ಮಧ್ಯೆ ಇನ್ನೊಂದು ಪಟ್ಟಿನೋ ವೈರೋ ಇರತ್ತೆ. ಉಪ್ಪುಗಾಳಿ, ಕೆಸರುನೀರು ಎರಡೂ ಸೇರಿ ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿಸ್ತವೆ. ಸುಲಭದ ಪರೀಕ್ಷೆ ಅಂದ್ರೆ ಎರಡೂ ತುದೀಲಿ ಕ್ಲಿಪ್ ಇರೋ ದಪ್ಪ ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಪೇಂಟ್ ಇಲ್ದಿರೋ ಲೋಹಕ್ಕೆ, ಬೆಲ್ಟು ಫ್ಯಾನಿಂದ ದೂರ ಇರೋ ಹಾಗೆ ಕಚ್ಚಿಸಿ ಸ್ಟಾರ್ಟ್ ಮಾಡಿ. ಈಗ ಸೆಲ್ಫ್ ಜೋರಾಗಿ ತಿರುಗಿದ್ರೆ ಬ್ಯಾಟರಿದೂ ಸೆಲ್ಫಿಂದೂ ಏನೂ ತಪ್ಪಿಲ್ಲ, ಅರ್ತ್ ಬಿಟ್ಟಿದೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಆ ಬೋಲ್ಟ್ ತೆಗೆದು, ಬಾಡಿ ಕಡೆಯ ತುಕ್ಕು ಹೆರೆದು, ಕೇಬಲ್ ತುದಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿ.

ಕೇಬಲ್ಲೇ ಒಳಗೆ ಕೊಳೆತಿರೋದೂ ಉಂಟು. ತುದಿ ಹತ್ರ ಬಗ್ಗಿಸಿದ್ರೆ ಕರಕರ ಅನ್ನತ್ತೆ, ಪ್ಲಾಸ್ಟಿಕ್ ಉಬ್ಬಿರತ್ತೆ, ಸ್ವಲ್ಪ ಸೀಳಿದ್ರೆ ತಾಮ್ರದ ಎಳೆ ಬದಲು ಹಸಿರು ಪುಡಿ ಉದುರತ್ತೆ. ಅದಕ್ಕೆ ಟೇಪ್ ಸುತ್ತೋದು ವೇಸ್ಟು, ಅಷ್ಟೇ ದಪ್ಪದ ಹೊಸ ಕೇಬಲ್ ಹಾಕಿಸಿ.

ಆಟೋ ಸ್ಟಾರ್ಟ್-ಸ್ಟಾಪ್ ಇರೋ ಹೊಸ ಕಾರಲ್ಲಿ ಮೈನಸ್ ಕ್ಲ್ಯಾಂಪ್ ಮೇಲೇ ಒಂದು ಸೆನ್ಸರ್ ಕೂತಿರಬಹುದು, ಅದನ್ನ ಎಳೆದು ಮುರೀಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಸ್ಟಾರ್ಟ್ ಆದ್ಮೇಲೆ ಬಾನೆಟ್ ಮುಚ್ಚೋ ಮುಂಚೆ ಇನ್ನೊಂದ್ಸಲ ಬ್ಯಾಟರಿಗೆ ಮೀಟರ್ ಹಿಡೀರಿ. ಹಳೇ ಸಾದಾ ಗಾಡೀಲಿ ಎಂಜಿನ್ ಓಡ್ತಿರೋವಾಗ 13.8ರಿಂದ 14.5 ವೋಲ್ಟ್ ಒಳಗಿರಬೇಕು. 15 ದಾಟ್ತಿದ್ರೆ ಎಂಜಿನ್ ಓಡೋವಾಗ ಬ್ಯಾಟರಿಗೆ ಕರೆಂಟ್ ತುಂಬೋ ಆಲ್ಟರ್ನೇಟರ್ ಜಾಸ್ತಿ ಚಾರ್ಜ್ ಮಾಡಿ ಬ್ಯಾಟರಿ ಕುದಿಸ್ತಿದೆ, ಆ ಆಸಿಡ್ ಆವಿಯಿಂದಾನೇ ಟರ್ಮಿನಲ್ ಮತ್ತೆ ಬೇಗ ಕಿಲುಬು ಹಿಡಿಯತ್ತೆ, ಆಗ ಉಜ್ಜಿ ಪ್ರಯೋಜನ ಇಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ರ ಆ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಚೆಕ್ ಮಾಡಿಸಿ.