ಒಂದೇ ಸೂರಿನಡಿ ಮೂರು ಧರ್ಮದವರ ಪ್ರಾರ್ಥನೆ: ನಕ್ಷೆ ಮಾಡಿದ ಅನುಭವ

ಸರ್ವಧರ್ಮ ಪ್ರಾರ್ಥನಾ ಮಂದಿರ ಅಂದ ತಕ್ಷಣ ಜನ ಕೇಳುವುದು ಒಂದೇ: ಗೋಡೆ ಮೇಲೆ ಓಂ, ಶಿಲುಬೆ, ಅರ್ಧಚಂದ್ರ ಮೂರನ್ನೂ ಬರೆಸ್ತೀರಾ? ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಇಂಥ ಕಟ್ಟಡದ ನಕ್ಷೆ ಮಾಡುವಾಗ ನಾನು ಬರೆಸಲಿಲ್ಲ. ಮೂರನ್ನೂ ಬರೆಸಿದರೆ ನೋಡಲು ಬಂದವರಿಗೆ ಚಂದ, ಪ್ರಾರ್ಥನೆ ಮಾಡುವವರಿಗೆ ತೊಂದರೆ. ಮೂರ್ತಿಯೋ ಚಿತ್ರವೋ ಕಣ್ಣೆದುರು ಇದ್ದರೆ ನಮಾಜು ಮಾಡಲು ಆಗುವುದಿಲ್ಲ. ಅದಿಲ್ಲದೆ ಪೂಜೆ ಮಾಡಲು ಇನ್ನೊಬ್ಬರಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಗೋಡೆ ಖಾಲಿ ಬಿಟ್ಟೆ. ಜನರ ಕಾಲು, ಕೈ, ಹಣೆ ತಾಗುವ ಜಾಗಗಳಿಗೇ ಜಾಸ್ತಿ ಸಮಯ ಕೊಟ್ಟೆ.

ಜಮೀನು ಊರಿನವರೊಬ್ಬರು ಕೊಟ್ಟಿದ್ದು. ಇದು ಮುಖ್ಯ. ರಸ್ತೆ, ಪಾರ್ಕಿನಂಥ ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಪ್ರಾರ್ಥನಾ ಕಟ್ಟಡ ಕಟ್ಟಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ನಕ್ಷೆಗೆ ನಮ್ಮ ಕಡೆಯ ತೊಟ್ಟಿಮನೆಯನ್ನೇ ಇಟ್ಟುಕೊಂಡೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಜಗಲಿ, ಪಶ್ಚಿಮಕ್ಕೆ ದೊಡ್ಡ ಹಾಲ್. ನೀರು ಎಲ್ಲಿ ಬರಬೇಕು ಅಂತ ಹೇಳಿದ್ದು ಊರಿನ ಒಬ್ಬ ಅಜ್ಜಿ. "ಕಾಲು ತೊಳೀದೆ ನಾವೂ ಗುಡಿಗೆ ಹೋಗಲ್ಲ, ಅವ್ರೂ ಮಸೀದಿಗೆ ಹೋಗಲ್ಲ. ನೀರಿನ ಜಾಗ ಮೊದ್ಲು ಮಾಡಪ್ಪ" ಅಂದರು. ಬಾಗಿಲ ಪಕ್ಕದಲ್ಲೇ ನಲ್ಲಿಗಳ ಸಾಲು ಬಂತು. ಕೂತು ತೊಳೆಯಲು ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ. ವುಜೂ, ಅಂದರೆ ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವುದು, ಮಾಡುವವರಿಗೆ ಅದು ಅನುಕೂಲ, ಮಂಡಿ ನೋವಿನವರಿಗೂ ಅನುಕೂಲ. ಬಳಸಿದ ನೀರು ಹಿಂದಿನ ಬಾಳೆಗಿಡಗಳಿಗೆ ಹೋಗುತ್ತದೆ.

ಎಲ್ಲಕ್ಕಿಂತ ತಲೆ ಕೆಡಿಸಿಕೊಂಡಿದ್ದು ದಿಕ್ಕಿನ ಬಗ್ಗೆ. ನಮ್ಮಲ್ಲಿ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ಅಂದರೆ ಪಶ್ಚಿಮ ಅಂತ ಸುಮ್ನೆ ಹೇಳಿಬಿಡುತ್ತೇವೆ. ಮೈಸೂರು, ಮಂಡ್ಯದಿಂದ ಲೆಕ್ಕ ಹಾಕಿದರೆ ಮೆಕ್ಕಾ ನೇರ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ ವಾಲುತ್ತದೆ. ಕಟ್ಟಡವನ್ನೇ ಅಷ್ಟು ತಿರುಗಿಸಬಹುದಿತ್ತು. ಆದರೆ ಬಾಗಿಲು ಸರಿಯಾಗಿ ಪೂರ್ವಕ್ಕೇ ಇರಲಿ ಅಂತ ಹಲವರ ಆಸೆ. ಅದೂ ನ್ಯಾಯವೇ. ಹಾಗಾಗಿ ಗೋಡೆಗಳನ್ನು ನೇರವಾಗಿ ಬಿಟ್ಟು, ನೆಲದ ಗೆರೆಗಳನ್ನು ತಿರುಗಿಸಿದೆ. ರೆಡ್ ಆಕ್ಸೈಡ್ ನೆಲದಲ್ಲಿ ನಾಲ್ಕು ಅಡಿಗೊಂದು ತೆಳು ಕಪ್ಪು ಗೆರೆ. ನಮಾಜಿನ ಸಾಲು ಅದರ ಮೇಲೆ ನಿಲ್ಲುತ್ತದೆ. ಉಳಿದವರಿಗೆ ಅದು ಬರೀ ನೆಲದ ವಿನ್ಯಾಸ. ಅಳತೆಯನ್ನು ಕಬ್ಬಿಣ ಸೈಟಿಗೆ ಬರುವ ಮೊದಲೇ ತೆಗೆದುಕೊಳ್ಳಿ. ಕಂಬಿ ರಾಶಿಯ ಹತ್ತಿರ ಕಂಪಾಸ್ ಮುಳ್ಳು ಸರಿಯಾಗಿ ನಿಲ್ಲುವುದಿಲ್ಲ.

ನಮಾಜಿನಲ್ಲಿ ಬಾಗಿ ನಮಿಸುವ ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗುತ್ತದೆ, ಅಲ್ವಾ? ಆ ನೆಲದಲ್ಲಿ ಎಣ್ಣೆ, ಕುಂಕುಮ, ತೆಂಗಿನಕಾಯಿ ನೀರು ಇರಬಾರದು. ದೀಪದ ಕಂಬವನ್ನೂ ಕಾಯಿ ಒಡೆಯುವ ಕಲ್ಲನ್ನೂ ತೊಟ್ಟಿಗೆ ತಂದೆ. ಹೊಗೆ ಮೇಲೆ ಹೋಗುತ್ತದೆ, ಕಲ್ಲನ್ನು ತೊಳೆಯುವುದೂ ಸುಲಭ. ಬೆಂಕಿ ತೊಟ್ಟಿಯಲ್ಲಿರುವುದು ಇಲ್ಲಿ ಯಾರಿಗೂ ಹೊಸದು ಅನಿಸಲಿಲ್ಲ. ಬಾಬಯ್ಯನ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಕೊಂಡದ ಸುತ್ತ ಎಲ್ಲ ಜಾತಿಯವರೂ ಕುಣಿದು ಬೆಳೆದ ಸೀಮೆ ಇದು. ಹತ್ತಿರದ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸನ್ನಿಧಿಯಲ್ಲೇ, ದೆಹಲಿ ಸುಲ್ತಾನನ ಮಗಳು ಅಂತ ಜನ ನಂಬುವ ಬೀಬಿ ನಾಚಿಯಾರ್‌ಗೂ ಪೂಜೆ ನಡೆಯುತ್ತದೆ.

ದೇವರ ಪಟ, ಶಿಲುಬೆ, ಬೈಬಲ್, ಕುರಾನ್, ಚಾಪೆಗಳಿಗೆ ಗೋಡೆಯೊಳಗೇ ಬೇರೆ ಬೇರೆ ಬೀರು ಮಾಡಿಸಿದೆ. ಬಾಗಿಲು ಮುಚ್ಚಿದರೆ ಗೋಡೆ ಸಪಾಟಾಗುತ್ತದೆ. ಕುರಾನ್ ಇಡುವ ಗೂಡು ಮೇಲೆ, ಚಾಪೆ ಕೆಳಗೆ. ಬೀಗದ ಕೈ ಆಯಾ ಸಮುದಾಯದವರ ಹತ್ತಿರವೇ ಇರುತ್ತದೆ. ಅವರ ದೇವರನ್ನು ಬೇರೆಯವರು ತೆಗೆದಿಡುವಂತೆ ಆಗಬಾರದು ಅಂತ ನಾನು ಪಟ್ಟು ಹಿಡಿದೆ.

ವೇಳೆ ಹಂಚಿಕೊಂಡಿದ್ದು ಊರಿನವರೇ. ಶುಕ್ರವಾರದ ಮಧ್ಯಾಹ್ನ, ಭಾನುವಾರದ ಬೆಳಗ್ಗೆ ಸುಲಭವಾಗಿ ಹೊಂದಿಕೊಂಡವು. ಶನಿವಾರದ ಭಜನೆ ಮಾತ್ರ ಸೂರ್ಯ ಮುಳುಗಿದ ಕೂಡಲೇ ಮಾಡುವ ಮಗ್ರಿಬ್ ನಮಾಜಿನ ಜೊತೆ ತಾಗುತ್ತಿತ್ತು. ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತು ವರ್ಷದಲ್ಲಿ ಸುಮಾರು ಒಂದು ಗಂಟೆ ಆಚೀಚೆ ಆಗುತ್ತದೆ. ಗಡಿಯಾರ ನೋಡಿ ಸಮಯ ಬರೆದರೆ ನಡೆಯುವುದಿಲ್ಲ. ಕೊನೆಗೆ ಮಗ್ರಿಬ್ ಮುಗಿದು ಚಾಪೆ ಸುತ್ತಿಟ್ಟ ಮೇಲೆ ಭಜನೆ ಶುರು, ರಾತ್ರಿಯ ಇಶಾ ನಮಾಜಿನ ಹೊತ್ತಿಗೆ ಮಂಗಳಾರತಿ ಅಂತ ತೀರ್ಮಾನಿಸಿದರು. ತಾಳ ಮದ್ದಲೆಗಳನ್ನು ಹತ್ತಿರದಲ್ಲೇ ಇಟ್ಟುಕೊಳ್ಳಲು ಭಜನೆಯವರು ಜಗಲಿಯಲ್ಲಿ ಇನ್ನೊಂದು ಗೂಡು ಕೇಳಿದ್ದಾರೆ. ಅದರ ನಕ್ಷೆ ಈಗ ಮಾಡುತ್ತಿದ್ದೇನೆ.